ಸೌರ್ ಬೆಟ್ಟದ ಜೇಡ, ನಮ್ಮ ಮನೆಯ ಜೇಡ

ಉಮ್ರಾಕ್ಕೆ ಹೋದವರನ್ನು ಮಕ್ಕಾದಲ್ಲಿ ಒಂದು ದಿನ ಬೆಳಿಗ್ಗೆ ಬಸ್ಸಿನಲ್ಲಿ ಝಿಯಾರತ್‌ಗೆ ಕರೆದೊಯ್ಯುತ್ತಾರೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಅರಫಾ, ಮುಝ್ದಲಿಫಾ, ಮಿನಾ, ಹಿರಾ ಗುಹೆಯಿರುವ ಜಬಲುನ್ನೂರ್, ಎಲ್ಲವನ್ನೂ ನೋಡಿ ಝುಹರ್ ನಮಾಝ್‌ಗೆ ಹರಮ್‌ಗೆ ಮರಳಬೇಕು. ಆದ್ದರಿಂದ ಸೌರ್ ಬೆಟ್ಟದ ಬುಡದಲ್ಲಿ ಬಸ್ಸು ನಿಲ್ಲುವುದು ಹತ್ತು ಹದಿನೈದು ನಿಮಿಷ ಮಾತ್ರ. ಅಷ್ಟರಲ್ಲಿ ಇಳಿಯುವವರು ಇಳಿದು ಫೋಟೋ ತೆಗೆದುಕೊಳ್ಳುತ್ತಾರೆ. ಮಂಡಿನೋವಿನವರು ಕಿಟಕಿಯಿಂದಲೇ ನೋಡಿ ದುಆ ಮಾಡುತ್ತಾರೆ. ನಮ್ಮ ತಂಡದ ಅಮೀರರು ಮೈಕ್ ಹಿಡಿದು ಹೇಳಿದ್ದು ನಾವೆಲ್ಲ ಬಾಲ್ಯದಿಂದ ಕೇಳಿದ ಕಥೆಯನ್ನೇ. ಪ್ರವಾದಿವರ್ಯರು(ಸ) ಮತ್ತು ಹಝ್ರತ್ ಅಬೂಬಕರ್(ರ) ಗುಹೆಯೊಳಗೆ ಹೋದ ಮೇಲೆ ಜೇಡವೊಂದು ಬಾಯಿಗೆ ಅಡ್ಡವಾಗಿ ಬಲೆ ನೇಯಿತು, ಪಾರಿವಾಳಗಳು ಗೂಡು ಕಟ್ಟಿ ಮೊಟ್ಟೆಯಿಟ್ಟವು, ಹುಡುಕಿಕೊಂಡು ಬಂದ ಖುರೈಶರು ಇದನ್ನು ಕಂಡು ಒಳಗೆ ಯಾರೂ ಹೋಗಿರಲಾರರೆಂದು ಹಿಂದಿರುಗಿದರು.

ನನ್ನ ಪಕ್ಕದ ಸೀಟಿನಲ್ಲಿದ್ದ ವೃದ್ಧೆಯೊಬ್ಬರು ಕಣ್ಣೊರೆಸಿಕೊಂಡು, “ಅದಕ್ಕೇ ಮಗಳೇ, ಮನೆಯಲ್ಲಿ ಜೇಡವನ್ನು ಕೊಲ್ಲಬಾರದು” ಎಂದರು. ಕರಾವಳಿಯ ಎಷ್ಟೋ ಮುಸ್ಲಿಮ್ ಮನೆಗಳಲ್ಲಿ ಅಜ್ಜಿಯರು ಈ ಮಾತನ್ನು ಹೇಳುತ್ತಾ ಬಂದಿದ್ದಾರೆ. ನಿಮ್ಮ ಮನೆಯಲ್ಲೂ ಹೇಳಿರಬಹುದು.

ಆ ಹದಿನೈದು ನಿಮಿಷ ನನಗೆ ಸಾಲಲಿಲ್ಲ. ಎರಡು ದಿನ ಬಿಟ್ಟು ಫಜ್ರ್ ನಮಾಝ್ ಮುಗಿಸಿ ನಾನೂ ನನ್ನ ಪತಿಯೂ ಟ್ಯಾಕ್ಸಿ ಹಿಡಿದು ಮತ್ತೆ ಅಲ್ಲಿಗೆ ಹೋದೆವು.

ಸೌರ್ ಬೆಟ್ಟವಿರುವುದು ಮಸ್ಜಿದುಲ್ ಹರಾಮ್‌ನಿಂದ ದಕ್ಷಿಣಕ್ಕೆ ಸುಮಾರು 4 ಕಿಲೋ ಮೀಟರ್ ದೂರದಲ್ಲಿ. ಈ ದಿಕ್ಕನ್ನು ನೀವು ಗಮನಿಸಬೇಕು. ಮದೀನಾ ಇರುವುದು ಮಕ್ಕಾದ ಉತ್ತರಕ್ಕೆ. ಕ್ರಿ.ಶ. 622ರಲ್ಲಿ ಹಿಜ್ರತ್ ಹೊರಟವರು ಮೊದಲು ಹೋದದ್ದು ಅದಕ್ಕೆ ತೀರಾ ವಿರುದ್ಧವಾದ ದಕ್ಷಿಣ ದಿಕ್ಕಿಗೆ. ಅಲ್ಲಾಹನ ರಕ್ಷಣೆಯ ಮೇಲೆ ಪೂರ್ಣ ಭರವಸೆಯಿದ್ದವರೂ ಶತ್ರುವಿನ ಲೆಕ್ಕಾಚಾರ ತಪ್ಪಿಸಲು ಎಷ್ಟು ಯೋಚಿಸಿದ್ದರೆಂಬುದು ಆ ಬೆಟ್ಟದ ಬುಡದಲ್ಲಿ ನಿಂತಾಗ ಮನದಟ್ಟಾಗುತ್ತದೆ.

ಬುಡದಲ್ಲಿ ಹಲವು ಭಾಷೆಗಳ ಫಲಕವಿದೆ. ಈ ಬೆಟ್ಟವನ್ನು ಹತ್ತುವುದು ಆರಾಧನೆಯ ಭಾಗವಲ್ಲವೆಂದು ಅದು ತಿಳಿಸುತ್ತದೆ. ಮಾತು ಸರಿಯೇ. ಹತ್ತದಿದ್ದರೆ ನಿಮ್ಮ ಉಮ್ರಾದಲ್ಲಿ ಯಾವ ಕೊರತೆಯೂ ಆಗದು. ಆದರೆ ಹತ್ತಿ ನೋಡಿದವರಿಗೆ ಸೀರಾ ಗ್ರಂಥದ ಕೆಲವು ಪುಟಗಳು ಬೇರೆ ರೀತಿಯಲ್ಲಿ ಅರ್ಥವಾಗುತ್ತವೆ. ಕಡಿದಾದ ಕಲ್ಲಿನ ದಾರಿ. ಒಂದು ಮರದ ನೆರಳೂ ಇಲ್ಲ. ನಮ್ಮಂಥವರಿಗೆ ಒಂದೂವರೆ ಗಂಟೆಯಾದರೂ ಬೇಕು. ನಡುನಡುವೆ ಕುಳಿತು ನೀರು ಕುಡಿಯದೆ ಸಾಗುವುದಿಲ್ಲ. ಬಂಡೆಗಳ ಮೇಲೆ ಯಾತ್ರಿಕರು ಬಣ್ಣದಲ್ಲಿ ಬರೆದ ಹೆಸರುಗಳು, ಸಂದುಗಳಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿಗಳು. ಪುಣ್ಯಸ್ಥಳವೆಂದು ಕಣ್ಣೀರು ಹಾಕುವವರೇ ಅಲ್ಲಿ ಖಾಲಿ ಬಾಟಲಿ ಎಸೆದು ಹೋಗುತ್ತಾರಲ್ಲಾ ಎಂದು ಬೇಸರವಾಯಿತು.

ಗುಹೆಯೆಂದರೆ ನೀವು ದೊಡ್ಡ ಬಿಲವನ್ನು ಕಲ್ಪಿಸಿಕೊಳ್ಳಬೇಡಿ. ಬೋರಲು ಹಾಕಿದ ದೋಣಿಯಂಥ ಒಂದು ಬಂಡೆ, ಅದರ ಕೆಳಗೆ ಇಕ್ಕಟ್ಟಾದ ಜಾಗ. ನೆಟ್ಟಗೆ ನಿಲ್ಲುವಂತಿಲ್ಲ. ಎರಡು ಕಡೆ ಬಾಯಿಯಿದೆ. ಒಂದು ಕಡೆಯಿಂದ ನುಸುಳಿ ಇನ್ನೊಂದು ಕಡೆಯಿಂದ ಜನರು ಹೊರಬರುತ್ತಿದ್ದರು. ಒಳಗಿದ್ದಾಗ ಹೊರಗೆ ನಿಂತವರ ಮೊಣಕಾಲಿನ ಕೆಳಗಿನ ಭಾಗ ಮಾತ್ರ ನನಗೆ ಕಂಡಿತು. ಹಿಂಬಾಲಿಸಿ ಬಂದವರಲ್ಲಿ ಯಾರಾದರೊಬ್ಬರು ತಮ್ಮ ಪಾದಗಳತ್ತ ಬಗ್ಗಿ ನೋಡಿದರೆ ನಾವು ಕಂಡುಬಿಡುತ್ತೇವೆಂದು ಹಝ್ರತ್ ಅಬೂಬಕರ್(ರ) ಹೇಳಿದ್ದು ಏಕೆಂದು ಆಗ ತಿಳಿಯಿತು. ಅಲ್ಲಾಹನು ಮೂರನೆಯವನಾಗಿ ಜೊತೆಗಿರುವ ಇಬ್ಬರ ಬಗ್ಗೆ ನಿನಗೇಕೆ ಚಿಂತೆ ಎಂಬ ಅರ್ಥದಲ್ಲಿ ಪ್ರವಾದಿವರ್ಯರು(ಸ) ಉತ್ತರಿಸಿದರು. ಈ ಸಂಭಾಷಣೆ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ.

ಗುಹೆಯ ಬಾಯಲ್ಲಿ ಜೇಡರ ಬಲೆಯೇನಾದರೂ ಇದೆಯೇ ಎಂದು ನನ್ನ ಕಣ್ಣು ಹುಡುಕಿತು. ಇರಲಿಲ್ಲ, ಇರಲು ಸಾಧ್ಯವೂ ಇಲ್ಲ. ಬಲೆಯಿದ್ದರೆ ಯಾರೂ ಒಳಗೆ ಹೋಗಿಲ್ಲವೆಂದು ಅರ್ಥ. ಈಗ ಅಲ್ಲಿ ಹಗಲಿಡೀ ಜನರು ಒಳಗೆ ಹೋಗುತ್ತಲೇ ಇರುತ್ತಾರೆ.

ಇನ್ನು ಆ ಕಥೆಯ ವಿಚಾರ. ಬುಖಾರಿಯಲ್ಲಿ ಹಝ್ರತ್ ಆಯಿಶಾ(ರ) ಹಿಜ್ರತ್‌ನ ದೀರ್ಘ ವೃತ್ತಾಂತವನ್ನು ತಿಳಿಸಿದ್ದಾರೆ. ಅದರಲ್ಲಿ ಗುಹೆಯಿದೆ, ಮೂರು ರಾತ್ರಿಗಳಿವೆ. ಆದರೆ ಜೇಡವಿಲ್ಲ, ಪಾರಿವಾಳವಿಲ್ಲ. ಜೇಡದ ಪ್ರಸ್ತಾಪ ಬರುವುದು ಇಮಾಮ್ ಅಹ್ಮದ್‌ರ ಮುಸ್ನದ್‌ನಲ್ಲಿ, ಇಬ್ನು ಅಬ್ಬಾಸ್(ರ)ರಿಂದ ಬಂದ ಒಂದು ವರದಿಯಲ್ಲಿ. ಅದರ ಸನದಿನ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. 1373ರಲ್ಲಿ ನಿಧನರಾದ ಇಬ್ನು ಕಸೀರ್ ಮತ್ತು 1449ರಲ್ಲಿ ನಿಧನರಾದ ಇಬ್ನು ಹಜರ್ ಅದನ್ನು ‘ಹಸನ್’ ಎಂದು, ಅಂದರೆ ಒಪ್ಪಬಹುದಾದದ್ದು ಎಂದು ಪರಿಗಣಿಸಿದ್ದಾರೆ. 1999ರಲ್ಲಿ ನಿಧನರಾದ ಶೈಖ್ ಅಲ್ಬಾನಿ ದುರ್ಬಲವೆಂದಿದ್ದಾರೆ. ಅವರ ವಾದದಲ್ಲಿ ಒಂದು ಸ್ವಾರಸ್ಯವಿದೆ. ಗುಹೆಯ ಘಟನೆಯನ್ನು ಹೇಳುವ ಸೂರಃ ಅತ್ತೌಬಾದ 40ನೆಯ ಸೂಕ್ತದಲ್ಲಿ ಕಣ್ಣಿಗೆ ಕಾಣದ ಸೇನೆಗಳ ಮೂಲಕ ನೆರವಾದ ಬಗ್ಗೆ ಹೇಳಲಾಗಿದೆ. ಜೇಡ ಮತ್ತು ಪಾರಿವಾಳಗಳಾದರೋ ಕಣ್ಣಿಗೆ ಕಾಣುವಂಥವು. ಪಾರಿವಾಳದ ವರದಿಯ ಸನದು ಜೇಡದ್ದಕ್ಕಿಂತಲೂ ದುರ್ಬಲ.

ಕಥೆಯನ್ನು ನಂಬಿದವರನ್ನು ಹೀಯಾಳಿಸುವ ಅಗತ್ಯವಿಲ್ಲ. ಇಬ್ನು ಹಜರ್‌ರಂಥವರು ಒಪ್ಪಿದ್ದನ್ನು ನಮ್ಮ ಅಜ್ಜಿಯರು ಒಪ್ಪಿದ್ದರಲ್ಲಿ ಆಶ್ಚರ್ಯವೇನಿದೆ? ನನ್ನ ಬೇಸರ ಬೇರೆ. ಬಸ್ಸಿನಲ್ಲಿ ಹದಿನೈದು ನಿಮಿಷವೂ ಜೇಡ ಮತ್ತು ಪಾರಿವಾಳಕ್ಕೇ ಮುಗಿದುಹೋಯಿತು. ಯಾವ ಸಂಶಯಕ್ಕೂ ಎಡೆಯಿಲ್ಲದ ವರದಿಯಲ್ಲಿ ಬರುವ ಮನುಷ್ಯರು ಎಲ್ಲಿ ಹೋದರು? ಹಗಲು ಮಕ್ಕಾದಲ್ಲಿದ್ದು ಸುದ್ದಿ ಸಂಗ್ರಹಿಸಿ ಕತ್ತಲಾದ ಮೇಲೆ ಬೆಟ್ಟ ಹತ್ತುತ್ತಿದ್ದ ಅಬೂಬಕರ್(ರ)ರ ಮಗ ಅಬ್ದುಲ್ಲಾ, ಅವರ ವಿಮೋಚಿತ ಗುಲಾಮ ಆಮಿರ್ ಬಿನ್ ಫುಹೈರಾ, ಆತನ ಕುರಿಗಳು, ಆ ಕುರಿಗಳ ಹಾಲು. ದಾರಿ ತೋರಿಸಲು ಗೊತ್ತುಪಡಿಸಿದವನಾದರೋ ಮುಸ್ಲಿಮನೇ ಅಲ್ಲ. ಹುಡುಕಿಕೊಟ್ಟವರಿಗೆ ನೂರು ಒಂಟೆಗಳ ಬಹುಮಾನ ಘೋಷಣೆಯಾಗಿದ್ದಾಗಲೂ ಆತ ಕೊಟ್ಟ ಮಾತಿನಂತೆ ಮೂರು ರಾತ್ರಿ ಕಳೆದು ಒಂಟೆಗಳೊಂದಿಗೆ ಬಂದ. ಮತ್ತು ಅಸ್ಮಾ(ರ). ಬುತ್ತಿಯ ಚೀಲದ ಬಾಯಿ ಕಟ್ಟಲು ಏನೂ ಸಿಗದಾಗ ತನ್ನ ಸೊಂಟಪಟ್ಟಿಯನ್ನೇ ಹರಿದು ಕಟ್ಟಿದ ಹುಡುಗಿ. ಅದರಿಂದಲೇ ಅವರಿಗೆ ‘ಝಾತುನ್ನಿತಾಖೈನ್’ ಎಂಬ ಬಿರುದು ಬಂತು. ನೆರಳಿಲ್ಲದ ಆ ಬೆಟ್ಟದಲ್ಲಿ ಏದುಸಿರು ಬಿಡುತ್ತಾ ಕುಳಿತಾಗ ನನಗೆ ನೆನಪಾದವರು ಇವರೇ.

ಊರಿಗೆ ಬಂದ ಮೇಲೆ ಮದ್ರಸದ ದೊಡ್ಡ ತರಗತಿಯ ಹುಡುಗಿಯರಿಗೆ ಇದನ್ನೆಲ್ಲ ವಿವರಿಸಿದೆ. ಸನದು ಎಂದರೇನು, ವರದಿಗಾರರ ಕೊಂಡಿ ಎಲ್ಲಿ ಸಡಿಲವಾಗುತ್ತದೆ ಎಂದೂ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಕೈಯೆತ್ತಿದಳು. “ಟೀಚರ್, ಕಥೆ ದುರ್ಬಲ ಅಂತಾದರೆ ಇನ್ನು ಜೇಡವನ್ನು ಕೊಲ್ಲಬಹುದಾ?”

ತರಗತಿಯೆಲ್ಲ ನಕ್ಕಿತು. ಆದರೆ ಅದು ನಗುವ ಪ್ರಶ್ನೆಯಲ್ಲ. ಅಜ್ಜಿ ಕಟ್ಟಿದ ಬೇಲಿಯನ್ನು ಮೊಮ್ಮಗಳು ಕಿತ್ತರೆ ಒಳಗಿದ್ದ ಸಸಿಯ ಗತಿಯೇನು? ಓದಿಕೊಂಡ ಮಕ್ಕಳ ಮನೆಗಳಲ್ಲಿ ಈಗ ಆಗುತ್ತಿರುವುದು ಇದೇ. ಅದಕ್ಕೆ ಆಧಾರವಿಲ್ಲ, ಇದಕ್ಕೆ ದಲೀಲ್ ಇಲ್ಲ ಎಂದು ಹಳೆಯ ಮಾತುಗಳನ್ನು ಒಂದೊಂದಾಗಿ ತೆಗೆದುಹಾಕುತ್ತೇವೆ. ಆ ಮಾತುಗಳ ನೆರಳಿನಲ್ಲಿ ಬೆಳೆದಿದ್ದ ದಯೆಯೂ ಜೊತೆಯಲ್ಲೇ ಹೋಗುತ್ತದೆ.

ಅವಳಿಗೆ ನಾನು ಮಕ್ಕಾದ ಪಾರಿವಾಳಗಳ ಬಗ್ಗೆ ಹೇಳಿದೆ. ಹರಮ್‌ನ ಸುತ್ತಲಿನ ಬೀದಿಗಳಲ್ಲಿ ಹಿಂಡು ಹಿಂಡಾಗಿ ಇಳಿಯುವ ಬೂದು ಬಣ್ಣದ ಪಾರಿವಾಳಗಳನ್ನು ನೀವೂ ನೋಡಿರುತ್ತೀರಿ. ಕಾಳು ಮಾರುವವರು ಅಲ್ಲೇ ಕುಳಿತಿರುತ್ತಾರೆ; ಯಾತ್ರಿಕರು ಕೊಂಡು ಎರಚುತ್ತಾರೆ. ಇವು ಸೌರ್ ಗುಹೆಯ ಜೋಡಿಯ ಸಂತತಿ, ಅದಕ್ಕೇ ಇವನ್ನು ಯಾರೂ ಮುಟ್ಟುವುದಿಲ್ಲ ಎಂದು ಬಹಳ ಜನರ ನಂಬಿಕೆ. ಆದರೆ ಆ ಪಾರಿವಾಳಗಳನ್ನು ಕಾಯುತ್ತಿರುವುದು ಗುಹೆಯ ಕಥೆಯಲ್ಲ. ಹರಮ್‌ನ ಗಡಿಯೊಳಗೆ ಬೇಟೆಯ ಪ್ರಾಣಿಪಕ್ಷಿಗಳನ್ನು ಕೊಲ್ಲಬಾರದು, ಓಡಿಸಲೂಬಾರದೆಂಬ ನಿಯಮವಿದೆ. ಹರಮ್‌ನ ಒಂದು ಪಾರಿವಾಳವನ್ನು ಕೊಂದರೆ ಒಂದು ಕುರಿಯನ್ನು ಪ್ರಾಯಶ್ಚಿತ್ತವಾಗಿ ಕೊಡಬೇಕೆಂದು ನಮ್ಮ ಶಾಫಿಈ ಗ್ರಂಥಗಳಲ್ಲಿ ಓದುತ್ತೇವೆ. ಅಷ್ಟು ಪುಟ್ಟ ಹಕ್ಕಿಗೆ ಒಂದು ಕುರಿ! ಗುಹೆಯ ಕಥೆ ಇಲ್ಲದಿದ್ದರೂ ಆ ಹಕ್ಕಿಯ ಒಂದು ಗರಿಯೂ ಕೊಂಕುತ್ತಿರಲಿಲ್ಲ.

ಜೇಡಕ್ಕೂ ಹೀಗೆಯೇ ಕಥೆಗಿಂತ ಗಟ್ಟಿಯಾದ ಆಸರೆಯಿದೆಯೇ? ಹರಮ್‌ನ ಒಳಗೂ ಹೊರಗೂ ಕೊಲ್ಲಬಹುದಾದ ಐದು ಉಪದ್ರವಕಾರಿ ಜೀವಿಗಳನ್ನು ಸಹೀಹ್ ಹದೀಸ್‌ಗಳಲ್ಲಿ ಹೆಸರಿಸಲಾಗಿದೆ: ಕಾಗೆ, ಹದ್ದು, ಚೇಳು, ಇಲಿ, ಕಚ್ಚುವ ನಾಯಿ. ಜೇಡ ಅದರಲ್ಲಿಲ್ಲ. ಕೊಲ್ಲಬಾರದೆಂದು ಅಬೂದಾವೂದ್‌ನಲ್ಲಿ ಹೆಸರಿಸಿದ ಇರುವೆ, ಜೇನುನೊಣ, ಹುದ್‌ಹುದ್ ಮತ್ತು ಸುರದ್ ಎಂಬ ಹಕ್ಕಿಯ ಸಾಲಿನಲ್ಲೂ ಜೇಡವಿಲ್ಲ. (ಹಲ್ಲಿಯ ವಿಷಯ ಬೇರೆ, ಅದಕ್ಕೆ ಪ್ರತ್ಯೇಕ ಹದೀಸ್‌ಗಳಿವೆ. ಅದನ್ನು ಇಲ್ಲಿ ಬೆರೆಸುವುದು ಬೇಡ.) ಜೇಡ ಶೈತಾನನ ರೂಪ, ಕಂಡಲ್ಲಿ ಕೊಲ್ಲಿರಿ ಎಂಬ ವರದಿಯೂ ಇದೆ, ಅದು ನಮಗೆ ಬಲೆ ನೇಯ್ದು ನೆರವಾಯಿತು, ಅಲ್ಲಾಹನು ಅದಕ್ಕೆ ಒಳಿತು ಮಾಡಲಿ ಎಂಬ ವರದಿಯೂ ಇದೆ. ಎರಡೂ ದುರ್ಬಲವೇ. ಹೀಗಿರುವಾಗ ಒಟ್ಟು ನಿಯಮವನ್ನೇ ನೋಡಬೇಕು. ತೊಂದರೆ ಕೊಡುವುದನ್ನು ನಿವಾರಿಸಲು ಅನುಮತಿಯಿದೆ. ಲಾಭವೂ ಹಾನಿಯೂ ಕಾಣದ ಸಣ್ಣ ಜೀವಿಗಳನ್ನು ಸುಮ್ಮನೆ ಕೊಲ್ಲುವುದನ್ನು 1277ರಲ್ಲಿ ನಿಧನರಾದ ಇಮಾಮ್ ನವವಿಯವರು ಕರಾಹತ್, ಅಂದರೆ ಅನಪೇಕ್ಷಿತ ಎಂದಿದ್ದಾರೆ. ಒಂದು ಇರುವೆ ಕಚ್ಚಿದ್ದಕ್ಕೆ ಇಡೀ ಗೂಡನ್ನು ಸುಡಿಸಿದ ಪೂರ್ವಕಾಲದ ಪ್ರವಾದಿಯೊಬ್ಬರನ್ನು ಅಲ್ಲಾಹನು ಆಕ್ಷೇಪಿಸಿದ ಹದೀಸ್ ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಮೂಲೆಯ ಒಂದು ಜೇಡ ಕಂಡು ಕೀಟನಾಶಕದ ಡಬ್ಬಿ ಹಿಡಿದು ಮನೆಯಿಡೀ ಸಿಂಪಡಿಸುವಾಗ ನನಗೆ ಆ ಹದೀಸ್ ನೆನಪಾಗುತ್ತದೆ. ತೊಟ್ಟಿಲಿನ ಮಗು ಉಸಿರಾಡುವ ಗಾಳಿಯೂ ಅದೇ ಎಂಬುದನ್ನು ನಾವು ಮರೆತಿರುತ್ತೇವೆ.

ಪವಿತ್ರ ಕುರ್‌ಆನಿನಲ್ಲಿ ಜೇಡದ ಹೆಸರಿನ ಒಂದು ಅಧ್ಯಾಯವೇ ಇದೆ: 29ನೆಯ ಸೂರಃ, ಅಲ್‌ಅನ್ಕಬೂತ್. ಅಲ್ಲಾಹನನ್ನು ಬಿಟ್ಟು ಬೇರೆಯವರನ್ನು ಆಶ್ರಯಿಸುವವರ ಆಸರೆಯನ್ನು ಅದರ 41ನೆಯ ಸೂಕ್ತವು ಜೇಡದ ಮನೆಗೆ ಹೋಲಿಸುತ್ತದೆ, ಮನೆಗಳಲ್ಲೇ ಅತಿ ದುರ್ಬಲವಾದದ್ದು. ಇದನ್ನು ಜೇಡದ ನಿಂದನೆಯೆಂದು ತಿಳಿಯಬಾರದು. ಬಿಸಿಲು, ಮಳೆ, ಚಳಿ ಯಾವುದನ್ನೂ ತಡೆಯದ ಮನೆ ಎಂಬುದಷ್ಟೇ ಅಲ್ಲಿನ ಹೋಲಿಕೆ. ಅದರ ನೂಲಾದರೋ ತೂಕಕ್ಕೆ ಹೋಲಿಸಿದರೆ ಉಕ್ಕಿಗಿಂತ ಗಟ್ಟಿ. ಆ ಸೂಕ್ತದಲ್ಲಿ ಸ್ತ್ರೀಲಿಂಗದ ಕ್ರಿಯಾಪದವಿರುವುದನ್ನು ತೋರಿಸಿ, ಬಲೆ ಕಟ್ಟುವುದು ಹೆಣ್ಣು ಜೇಡವೆಂದು ವಿಜ್ಞಾನಕ್ಕಿಂತ ಮೊದಲೇ ಹೇಳಿದೆಯೆಂದು ಕೆಲವರು ಭಾಷಣ ಮಾಡುತ್ತಾರೆ. ಅರಬಿಯಲ್ಲಿ ಆ ಪದವನ್ನು ಸಾಮಾನ್ಯವಾಗಿ ಸ್ತ್ರೀಲಿಂಗದಲ್ಲೇ ಬಳಸುತ್ತಾರೆ. ವ್ಯಾಕರಣದ ಮೊದಲ ವರ್ಷದಲ್ಲಿ ಕಲಿಯುವ ವಿಷಯವದು. ಕುರ್‌ಆನಿನ ಹಿರಿಮೆಗೆ ಇಂಥ ಊರುಗೋಲು ಬೇಡ.

ಇನ್ನು ನಮ್ಮ ಮನೆಗೆ ಬರೋಣ. ಕರಾವಳಿಯ ಹೆಂಚಿನ ಮನೆಯಲ್ಲಿ ವಾಸಿಸಿದವರಿಗೆ ಜೇಡವನ್ನು ಪರಿಚಯಿಸಬೇಕಿಲ್ಲ. ಅಟ್ಟದಲ್ಲಿ, ತೆಂಗಿನಕಾಯಿ ರಾಶಿಯ ಸಂದಿನಲ್ಲಿ, ಒಲೆಯ ಮೇಲಿನ ಮಸಿ ಹಿಡಿದ ಜಂತಿಗಳಲ್ಲಿ ಅವು ನಮಗಿಂತ ಮೊದಲೇ ಬಿಡಾರ ಹೂಡಿರುತ್ತವೆ. ಮೂಲೆಯಲ್ಲಿ ನೂಲಿನಂಥ ಉದ್ದ ಕಾಲುಗಳಲ್ಲಿ ತಲೆಕೆಳಗಾಗಿ ನೇತಾಡುವ, ಮುಟ್ಟಿದೊಡನೆ ಗಡಗಡ ಅಲುಗಾಡುವ ಜೇಡ ಒಂದು. ಅದು ಸೊಳ್ಳೆಗಳನ್ನೂ ತಿನ್ನುತ್ತದೆ, ಬೇರೆ ಜೇಡಗಳನ್ನೂ ತಿನ್ನುತ್ತದೆ. ಕಿಟಕಿಯ ಸರಳಿನ ಮೇಲೆ ಹಾರಿ ಹಾರಿ ನೊಣ ಹಿಡಿಯುವ ಪುಟ್ಟ ಜೇಡ ಇನ್ನೊಂದು. ಅದು ಹಿಡಿಯಲು ಬಲೆಯನ್ನೇ ಕಟ್ಟುವುದಿಲ್ಲ. ಆದರೆ ನಾವು ಕಿರುಚಿ ಓಡುವುದು ಮೂರನೆಯದನ್ನು ಕಂಡು. ರಾತ್ರಿ ಬಚ್ಚಲಿನ ದೀಪ ಹಾಕಿದೊಡನೆ ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡಿರುವ, ಅಂಗೈಯಷ್ಟು ಅಗಲದ ಕಂದು ಜೇಡ. ಅದರ ಮುಖ್ಯ ಆಹಾರದಲ್ಲಿ ಜಿರಳೆಯೂ ಒಂದು. ಕೆಲವೊಮ್ಮೆ ಅದರ ಹೊಟ್ಟೆಯಡಿ ನಾಣ್ಯದಂಥ ಬಿಳಿ ಬಿಲ್ಲೆಯನ್ನು ನೀವು ಕಂಡಿರಬಹುದು. ಅದು ಮೊಟ್ಟೆಯ ಚೀಲ. ಅದರೊಳಗೆ ನೂರಾರು ಮೊಟ್ಟೆಗಳು. ಮರಿಯಾಗುವವರೆಗೂ ತಾಯಿ ಅದನ್ನು ಬಿಡದೆ ಹೊತ್ತು ತಿರುಗುತ್ತದೆ, ಆ ದಿನಗಳಲ್ಲಿ ಬೇಟೆಯನ್ನೂ ಆಡುವುದಿಲ್ಲ.

ಜಗತ್ತಿನಲ್ಲಿ ಗುರುತಿಸಲಾದ ಜೇಡಗಳ ಜಾತಿಗಳ ಸಂಖ್ಯೆ 2022ರಲ್ಲಿ 50,000ವನ್ನು ದಾಟಿತು. ಅವುಗಳಲ್ಲಿ ಮನುಷ್ಯನ ಪ್ರಾಣಕ್ಕೆ ಅಪಾಯ ತರಬಲ್ಲವು ತೀರಾ ಕೆಲವು. ಜೇಡಗಳೆಲ್ಲ ಸೇರಿ ವರ್ಷಕ್ಕೆ 40 ಕೋಟಿಯಿಂದ 80 ಕೋಟಿ ಟನ್ ಕೀಟಾದಿಗಳನ್ನು ತಿನ್ನುತ್ತವೆಂದು 2017ರಲ್ಲಿ ಇಬ್ಬರು ವಿಜ್ಞಾನಿಗಳು ಅಂದಾಜು ಮಾಡಿದ್ದರು. ಜೇಡ ಕಚ್ಚುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೈಯಿಂದ ಹಿಸುಕಿದರೆ ಕಚ್ಚಬಹುದು. ಕಚ್ಚಿದ ಜಾಗ ಬಾತು ನೋವು ಹೆಚ್ಚಾದರೆ ವೈದ್ಯರಿಗೆ ತೋರಿಸಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮೈಯಲ್ಲಿ ಉರಿಯೊಂದಿಗೆ ನೀರುಗುಳ್ಳೆಗಳ ಪಟ್ಟಿ ಎದ್ದರೆ ಜೇಡ ಹರಿದದ್ದೆಂದು ಮದ್ದು ಅರೆದು ಹಚ್ಚುವ ವಾಡಿಕೆ ಅನೇಕ ಕಡೆ ಇದೆ. ಸೊಂಟ, ಬೆನ್ನು ಅಥವಾ ಮುಖದ ಒಂದೇ ಪಾರ್ಶ್ವದಲ್ಲಿ ಹೀಗೆ ಎದ್ದರೆ ಅದು ಹೆಚ್ಚಾಗಿ ಸರ್ಪಸುತ್ತು. ಸಿಡುಬಿನಂತೆ ಕಾಣುವ ಚಿಕನ್‌ಪಾಕ್ಸ್‌ನ ವೈರಸ್ಸೇ ಇದಕ್ಕೂ ಕಾರಣ. ಗುಳ್ಳೆ ಎದ್ದ 72 ಗಂಟೆಗಳೊಳಗೆ ಔಷಧ ಆರಂಭಿಸಿದರೆ ಹೆಚ್ಚು ಪ್ರಯೋಜನ. ಕಣ್ಣಿನ ಸಮೀಪವಾದರಂತೂ ತಡಮಾಡಲೇಬಾರದು. ಜೇಡದ ಮೇಲೆ ತಪ್ಪು ಹೊರಿಸಿ ಮನೆಯಲ್ಲಿ ಕುಳಿತರೆ ಆ ಮೂರು ದಿನ ಕಳೆದುಹೋಗುತ್ತದೆ, ವಯಸ್ಸಾದವರು ತಿಂಗಳುಗಟ್ಟಲೆ ನರದ ನೋವು ಅನುಭವಿಸುತ್ತಾರೆ.

“ಹಾಗಾದರೆ ಬಲೆಗಳನ್ನೂ ಹಾಗೆಯೇ ಬಿಡಬೇಕೇ?” ಎಂದು ನೀವು ಕೇಳಬಹುದು. ಖಂಡಿತ ಬೇಡ. ಮನೆಯಲ್ಲಿ ಬಲೆ ಬಿಟ್ಟರೆ ಬಡತನ ಬರುತ್ತದೆಂದು ಹಝ್ರತ್ ಅಲೀ(ರ)ಯವರ ಹೆಸರಿನಲ್ಲಿ ಬರುವ ಮಾತಿನ ಸನದೂ ಗಟ್ಟಿಯಿಲ್ಲ. ಆದರೆ ಶುಚಿತ್ವಕ್ಕೆ ಆ ವರದಿಯ ಅಗತ್ಯವೂ ಇಲ್ಲ. ಧೂಳು ಹಿಡಿದ ಹಳೆಯ ಬಲೆಯಲ್ಲಿ ಹೆಚ್ಚಾಗಿ ಜೇಡವೇ ಇರುವುದಿಲ್ಲ. ಬಲೆ ತೆಗೆಯುವುದೂ ಜೇಡವನ್ನು ಕೊಲ್ಲುವುದೂ ಎರಡು ಬೇರೆ ಕೆಲಸಗಳು. ಇಸ್ತಾಂಬುಲ್‌ನಲ್ಲಿ ಶಿಲ್ಪಿ ಸಿನಾನ್ ಕಟ್ಟಿದ, 1557ರಲ್ಲಿ ಪೂರ್ಣಗೊಂಡ ಸುಲೈಮಾನಿಯಾ ಮಸೀದಿಯ ದೀಪಗುಚ್ಛಗಳ ನಡುವೆ ಉಷ್ಟ್ರಪಕ್ಷಿಯ ಮೊಟ್ಟೆಗಳನ್ನು ತೂಗುಹಾಕಿದ್ದಾರೆ. ಜೇಡಗಳು ಅದರ ಬಳಿ ಸುಳಿಯುವುದಿಲ್ಲ, ಬಲೆ ಕಟ್ಟುವುದಿಲ್ಲವೆಂಬ ನಂಬಿಕೆ. ಮೊಟ್ಟೆಗೆ ಜೇಡ ನಿಜವಾಗಿ ಹೆದರುತ್ತದೆಯೇ ಎಂಬುದು ಹಾಗಿರಲಿ. ಅಷ್ಟು ಭವ್ಯ ಮಸೀದಿ ಕಟ್ಟಿದವರು ಜೇಡವನ್ನು ಕೊಲ್ಲುವ ಬದಲು ಅದು ಬಾರದಿರುವ ಉಪಾಯ ಯೋಚಿಸಿದರಲ್ಲ, ಅದು ನನಗೆ ಹಿಡಿಸಿತು.

ನಮ್ಮ ಕಡೆ ಶಅಬಾನ್ ತಿಂಗಳಲ್ಲಿ ರಮಝಾನ್‌ಗಾಗಿ ಮನೆ ತೊಳೆಯುವ ಸಂಭ್ರಮ ನಿಮಗೆ ಗೊತ್ತೇ ಇದೆ. ಉದ್ದದ ಬಿದಿರಿಗೆ ಹಿಡಿಸೂಡಿ ಕಟ್ಟಿ, ತಲೆಗೆ ಬಟ್ಟೆ ಸುತ್ತಿ, ಹೆಂಚಿನ ಸಂದುಗೊಂದುಗಳನ್ನು ಗುಡಿಸುತ್ತೇವೆ. ಗುಡಿಸುವ ಮೊದಲು ಬಿದಿರಿನಿಂದ ಜಂತಿಗೆ ಎರಡು ಬಾರಿ ಮೆಲ್ಲನೆ ಬಡಿದರೆ ಸಾಕು, ಒಳಗಿದ್ದವು ಓಡುತ್ತವೆ. ಗೋಡೆಯ ಮೇಲಿನ ದೊಡ್ಡ ಜೇಡಕ್ಕೆ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯನ್ನು ಬೋರಲು ಹಾಕಿ, ಗೋಡೆ ಮತ್ತು ಡಬ್ಬಿಯ ನಡುವೆ ದಪ್ಪ ಕಾಗದವೊಂದನ್ನು ಮೆಲ್ಲನೆ ತೂರಿಸಿ. ಹಳೆಯ ಮದುವೆ ಕಾಗದ ಇದಕ್ಕೆ ಬಹಳ ಅನುಕೂಲ, ನಮ್ಮ ಮನೆಗಳಲ್ಲಿ ಅದಕ್ಕೆ ಬರವೂ ಇಲ್ಲ. ಹಾಗೆಯೇ ಹೊರಗೆ ಒಯ್ದು ಬಾಳೆಯ ಬುಡದಲ್ಲಿ ಬಿಡಿ. ಬಿಳಿ ಬಿಲ್ಲೆ ಹೊತ್ತದ್ದು ಕಂಡರೆ ನನ್ನ ಅತ್ತೆ ಅದಕ್ಕೂ ಬಿಡುವುದಿಲ್ಲ. “ಬಾಣಂತಿಯನ್ನು ಯಾರಾದರೂ ಮನೆಯಿಂದ ಹೊರಗೆ ಹಾಕುತ್ತಾರಾ?” ಎಂದು ಗದರುತ್ತಾರೆ. ಆ ಕಪಾಟಿನ ಹಿಂಭಾಗ ಆ ವರ್ಷ ಗುಡಿಸದೆಯೇ ಉಳಿಯುತ್ತದೆ.

ಹಿಂದಿನ ಬೆಂಚಿನ ಆ ಹುಡುಗಿ ಈಗ ತನ್ನ ಮನೆಯಲ್ಲಿ ಡಬ್ಬಿ ಮತ್ತು ಮದುವೆ ಕಾಗದದ ಕೆಲಸವನ್ನು ತಾನೇ ವಹಿಸಿಕೊಂಡಿದ್ದಾಳಂತೆ. ಅವಳ ತಾಯಿ ಮೊನ್ನೆ ಸಿಕ್ಕಿದಾಗ ಹೇಳಿದರು, “ಬಿಡುವುದಾದರೆ ಬಿಡಲಿ ಟೀಚರ್, ಆದರೆ ಬಾವಿಕಟ್ಟೆಯ ಹತ್ತಿರ ಬಿಡಬೇಡ ಅಂತ ನೀವೇ ಒಂದು ಮಾತು ಹೇಳಿ. ನೀರು ಸೇದುವವಳು ನಾನು.”